ಟವೆಲ್ಲಿನ ಕೆಳಗೆ ಅಪ್ಪನ ಕೈ

ಅಪ್ಪನ ಬಲಗೈಯ ತೋರುಬೆರಳು ನೆಟ್ಟಗಿರಲಿಲ್ಲ. ಮೇಲಿನ ಗೆಣ್ಣಿನಿಂದ ಎಡಕ್ಕೆ ವಾಲಿಕೊಂಡು, ಪಕ್ಕದ ಬೆರಳಿಗೆ ಏನೋ ಗುಟ್ಟು ಹೇಳಲು ಬಾಗಿದ ಹಾಗೆ ಇತ್ತು. ಹರೆಯದಲ್ಲಿ ಒಂದು ಹೋರಿಯ ಹಗ್ಗ ಆ ಬೆರಳಿಗೆ ಸುತ್ತಿಕೊಂಡು, ಹೋರಿ ಒಂದು ಕಡೆ ಅಪ್ಪ ಒಂದು ಕಡೆ ಎಳೆದಾಡಿದಾಗ ಆದದ್ದು. "ಆಮ್ಯಾಲೇನಾತು?" ಎಂದು ಕೇಳಿದರೆ, "ಏನಾಗ್ತತಿ? ಹೋರೀನ ಗೆದ್ದತಿ" ಎನ್ನುತ್ತಿದ್ದ. ಬಳ್ಳಾರಿಯ ಆಸ್ಪತ್ರೆಯಲ್ಲಿ ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ನರ್ಸ್ ಆ ಬೆರಳಿಗೆ ಸಿಕ್ಕಿಸಿದಾಗಲೆಲ್ಲ ಅದು ಜಾರಿ ಬೀಳುತ್ತಿತ್ತು. ಬೇರೆ ಬೆರಳು ಕೊಡಿ ಎಂದರೆ ಅಪ್ಪ ಒಪ್ಪುತ್ತಿರಲಿಲ್ಲ. "ಅದಕ್ಕ ಹಾಕವ್ವಾ. ನನ್ನ ಕೈಯಾಗ ಖರೇ ಹೇಳೋದು ಅದೊಂದ" ಎಂದು ಅದನ್ನೇ ಮುಂದೆ ಮಾಡುತ್ತಿದ್ದ.

ಅಪ್ಪ ದನದ ದಲ್ಲಾಳಿ. ಮನೆ ಸಿರುಗುಪ್ಪದಲ್ಲಿ, ಕೆಲಸ ಮಾತ್ರ ಸುತ್ತಲಿನ ಸಂತೆಗಳಲ್ಲಿ. ಒಂದು ದಿನ ತೆಕ್ಕಲಕೋಟೆ ಕಡೆ, ಇನ್ನೊಂದು ದಿನ ಕುರುಗೋಡು ಕಡೆ. ಎತ್ತು ಮಾರುವವನ ಮತ್ತು ಕೊಳ್ಳುವವನ ನಡುವೆ ನಿಂತು ವ್ಯಾಪಾರ ಕುದುರಿಸುವುದು ಅವನ ವೃತ್ತಿ. ದನದ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಎರಡು ಹಲ್ಲಿನದು ಅಂದರೆ ಇನ್ನೂ ಎಳೆಯದು. ಆಮೇಲೆ ನಾಲ್ಕು ಹಲ್ಲು, ಆರು ಹಲ್ಲು. ಎಲ್ಲ ಹಲ್ಲೂ ಬಂದಿದ್ದರೆ ಬಾಯಿಗೂಡಿದ್ದು. ಅಲ್ಲಿಂದ ಮುಂದೆ ಇಳಿಗಾಲ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳು ಕಡಿಮೆಯಾಗಿ ಎಮ್ಮೆ, ಆಕಳು ಹೆಚ್ಚಾದವು. ಅದಕ್ಕೂ ಹೊಂದಿಕೊಂಡ. ಹೊಂದಿಕೊಳ್ಳಲಾಗದೆ ಹೋದದ್ದು ಮೊಬೈಲಿಗೆ. ಫೋನಿನಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದೆಂದರೆ ಅವನಿಗೆ ಬಸ್ ನಿಲ್ದಾಣದಲ್ಲಿ ಸ್ನಾನಕ್ಕೆ ಕೂತಷ್ಟು ನಾಚಿಕೆ.

ಏಕೆಂದರೆ ಅವನ ಲೋಕದಲ್ಲಿ ಬೆಲೆ ಮಾತನಾಡುತ್ತಿದ್ದದ್ದು ಟವೆಲ್ಲಿನ ಕೆಳಗೆ. ಇಬ್ಬರು ಎದುರುಬದುರು ನಿಂತು ಬಲಗೈ ಚಾಚುತ್ತಾರೆ, ಅದರ ಮೇಲೆ ಟವೆಲ್ ಬೀಳುತ್ತದೆ, ಒಳಗೆ ಬೆರಳುಗಳು ಮಾತನಾಡುತ್ತವೆ. ಎದುರಿನವನ ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಇಡೀ ಕೈ ಹಿಡಿದು ಬಿಟ್ಟು ಮತ್ತೆ ಒಂದು ಬೆರಳು ಹಿಡಿದರೆ ಆರು, ಇಡೀ ಕೈಯನ್ನೇ ಎರಡು ಸಲ ಹಿಡಿದರೆ ಹತ್ತು. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇಬ್ಬರೂ ಆಕಾಶ ನೋಡುತ್ತಲೋ ಎಲೆಅಡಿಕೆ ಜಗಿಯುತ್ತಲೋ ಇರುತ್ತಾರೆ.

ನಾನು ಚಿಕ್ಕಂದಿನಿಂದಲೂ ಮುಚ್ಚಿಟ್ಟದ್ದನ್ನೆಲ್ಲ ತೆಗೆದು ನೋಡುವವಳು. ಗಡಿಯಾರ ಬಿಚ್ಚಿ ಬೈಸಿಕೊಂಡಿದ್ದೇನೆ, ಕೋಳಿಮೊಟ್ಟೆ ಒಡೆದು ಹೊಡೆಸಿಕೊಂಡಿದ್ದೇನೆ. ಎಂಟು ವರ್ಷದವಳಿದ್ದಾಗ ಕುರುಗೋಡಿನ ಸಂತೆಯಲ್ಲಿ ಅಪ್ಪ ಇನ್ನೊಬ್ಬರ ಕೈ ಹಿಡಿದು ನಿಂತಿದ್ದಾಗ ಕೆಳಗಿನಿಂದ ಟವೆಲ್ಲಿನೊಳಕ್ಕೆ ತಲೆ ತೂರಿಸಿಬಿಟ್ಟೆ. ಕತ್ತಲು, ಬೆವರಿನ ವಾಸನೆ, ಮತ್ತು ನನ್ನ ಹಣೆಗೆ ಬಡಿದ ಆ ಸೊಟ್ಟ ಬೆರಳು. ಸಂತೆಗೆ ಸಂತೆಯೇ ನಕ್ಕಿತು. ಅಪ್ಪ ನಗಲಿಲ್ಲ. "ಟವಲ್ ಕೆಳಗಿಂದು ಇಬ್ಬರಿಗೆ ಬಿಟ್ಟು ಮೂರನೇದವ್ರಿಗೆ ಅಲ್ಲಲೇ" ಎಂದು ಕಿವಿ ಹಿಂಡಿದ. ಮುಂದೆ ನಾನು ಓದಿ, ವಿಜ್ಞಾನದ ಟೀಚರಾಗಿ, ಅದೇ ಕುರುಗೋಡಿನ ಪ್ರೌಢಶಾಲೆಗೆ ಬಂದೆ. ಬಳ್ಳಾರಿಯ ಗಾಂಧಿನಗರದಿಂದ ದಿನಾ ಓಡಾಟ. ಮಕ್ಕಳಿಗೆ ಶ್ವಾಸಕೋಶದ ಚಿತ್ರ ಬರೆಯಿಸುತ್ತಿದ್ದ ನನಗೆ, ಟವೆಲ್ಲಿನ ಕೆಳಗಿನ ವ್ಯವಹಾರ ಮಾತ್ರ ನಲವತ್ತು ದಾಟಿದರೂ ಪಾಠವಾಗಿರಲಿಲ್ಲ.

ಕೆಮ್ಮು ಶುರುವಾಗಿ ಮೂರು ತಿಂಗಳಾದರೂ ಅಪ್ಪ ಅದನ್ನು ಸಂತೆಯ ಧೂಳಿನ ಮೇಲೆ ಹಾಕಿದ್ದ. ಐವತ್ತರವರೆಗೆ ಬೀಡಿ ಸೇದಿ ಬಿಟ್ಟವನು. ಬಿಟ್ಟ ಮೇಲೆ ಬೀಡಿಯ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ ಎಂಬುದು ಅವನ ವಾದ. ಬೆನ್ನು ನೋವು ಬಂದಾಗ ಮಾತ್ರ ಅವ್ವ ಅವನನ್ನು ಬಸ್ಸಿಗೆ ಹತ್ತಿಸಿ ನಮ್ಮ ಮನೆಗೆ ಕರೆತಂದಳು. ಸ್ಕ್ಯಾನ್ ಆಯಿತು, ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದಾಯಿತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ನೇರ. ಶ್ವಾಸಕೋಶದ ಕ್ಯಾನ್ಸರ್, ಬೆನ್ನುಮೂಳೆಗೂ ಹೋಗಿದೆ, ನಾಲ್ಕನೇ ಹಂತ ಎಂದರು. ನಾನು ಕುರ್ಚಿಯ ಅಂಚು ಹಿಡಿದುಕೊಂಡೆ. ಅಪ್ಪ ಮುಂದಕ್ಕೆ ಬಾಗಿ ಬೆಳಕಿನ ಡಬ್ಬಿಯ ಮೇಲಿದ್ದ ಫಿಲ್ಮನ್ನು ದಿಟ್ಟಿಸಿದ.

"ಡಾಕ್ಟ್ರಮ್ಮಾ, ಇದು ಎಷ್ಟು ಹಲ್ಲಿಂದ್ರಿ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿ, "ಬಾಯಿಗೂಡಿದ್ದು ಅಜ್ಜಾ" ಎಂದರು. ಅಪ್ಪ ತಲೆಯಾಡಿಸಿದ. ಅವರ ಉತ್ತರ ಅವನಿಗೆ ಮೆಚ್ಚುಗೆಯಾಗಿತ್ತು ಎಂದು ಹೇಳಿದರೆ ನಂಬುವುದು ಕಷ್ಟ, ಆದರೆ ನಾನು ಅವನ ಮುಖ ನೋಡಿದ್ದೇನೆ. "ಹಂಗಾದ್ರ ಇದನ್ನ ಹೊರಗ ಹಾಕಾಕ ಆಗಂಗಿಲ್ಲ. ಕಟ್ಟಿ ಹಾಕಾಕರ ಆಗ್ತತೇನು?" ಎಂದು ಕೇಳಿದ. ಆಗಬಹುದು, ಸ್ವಲ್ಪ ಕಾಲ, ಕೀಮೋ ಕೊಟ್ಟು ನೋಡೋಣ ಎಂದರು. ಹಾಗೆ ಮೂರು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಳ್ಳುವುದು ಶುರುವಾಯಿತು. ಅಪ್ಪ ಅವ್ವ ಇಬ್ಬರೂ ಗಾಂಧಿನಗರದ ನಮ್ಮ ಮನೆಯಲ್ಲಿ ಉಳಿದರು.

ವಾರ್ಡಿನಲ್ಲೂ ಅಪ್ಪನ ಕಣ್ಣು ಸಂತೆಯ ಕಣ್ಣೇ. ಮಲಗಿದಲ್ಲಿಂದಲೇ ಎಲ್ಲರ ನಡಿಗೆ ನೋಡುತ್ತಿದ್ದ. ಆ ನರ್ಸಿನ ಎಡ ಹಿಮ್ಮಡಿ ನೋಯುತ್ತದೆ, ಈ ಕಂಪೌಂಡರನ ಬೆಲ್ಟು ಸಡಿಲವಾಗಿದೆ, ಊಟ ಬಿಟ್ಟಿದ್ದಾನೆ ಎಂದೆಲ್ಲ ನನಗೆ ಹೇಳುತ್ತಿದ್ದ. ಕೇಳಿ ನೋಡಿದರೆ ಬಹುಪಾಲು ನಿಜ. ಔಷಧದ ಬಾಟಲಿಯನ್ನು ಬೆಳಕಿಗೆ ಹಿಡಿಸಿ, "ಇದಕ್ಕ ಯಾವುದು ಕೆಟ್ಟದ್ದು ಯಾವುದು ಒಳ್ಳೇದು ಅಂತ ಹೆಂಗ ಗೊತ್ತಾಗ್ತತಿ ಯವ್ವಾ?" ಎಂದು ಕೇಳಿದ. ಗೊತ್ತಾಗುವುದಿಲ್ಲ ಅಪ್ಪಾ, ಬೇಗ ಬೇಗ ಬೆಳೆಯುವ ಎಲ್ಲದರ ಮೇಲೂ ಬೀಳುತ್ತದೆ, ಅದಕ್ಕೇ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಎಂದೆ. "ಅಂದ್ರ ಬೆಳಿಗೆ ಬಿಟ್ಟ ದನ ಇದ್ದಂಗ. ಕಳೆನೂ ತಿಂತತಿ, ಪೈರೂ ತಿಂತತಿ" ಎಂದ. ಮರುದಿನ ಹತ್ತನೇ ತರಗತಿಯಲ್ಲಿ ನಾನು ಇದನ್ನೇ ಹೇಳಿದೆ. ನನ್ನ ಪಠ್ಯಪುಸ್ತಕಕ್ಕಿಂತ ಚೆನ್ನಾಗಿತ್ತು.

ಎರಡನೇ ಡ್ರಿಪ್ಪಿನ ಹೊತ್ತಿಗೆ ಮೀಸೆ ಟವೆಲ್ಲಿಗೆ ಅಂಟಿಕೊಂಡು ಬಂತು. ಬಾಯಿಯೊಳಗೆ ಹುಣ್ಣು. ಒಗ್ಗರಣೆ ಮಂಡಕ್ಕಿ ಜೊತೆ ನಾಲ್ಕು ಮಿರ್ಚಿ ತಿಂದು ಇನ್ನೊಂದಿದೆಯಾ ಎಂದು ತಟ್ಟೆ ನೋಡುತ್ತಿದ್ದವನಿಗೆ ಮೊಸರನ್ನ ಕೂಡ ಉರಿ. ಬಾಯಿಯ ರುಚಿ "ತಗಡು ನೆಕ್ಕಿದಂಗ" ಆಗಿತ್ತು. ನಾನು ಟಾರ್ಚ್ ಹಿಡಿದು, ಬಾಯಿ ತೆಗೆ ಎಂದಾಗ, "ನೋಡು, ನನ್ನ ಬಾಯಿ ಬಿಡಿಸಿ ನೋಡೋ ಕಾಲನೂ ಬಂತು. ಎಷ್ಟು ಹಲ್ಲು ಅದಾವ ಎಣಿಸಿ ಬಿಡು" ಎಂದ. ಇಷ್ಟೆಲ್ಲ ತಮಾಷೆ ಮಾಡುತ್ತಿದ್ದವನು ನೋವಿನ ಮಾತು ಬಂದರೆ ಮಾತ್ರ ಗೋಡೆಯಾಗಿಬಿಡುತ್ತಿದ್ದ.

ಬೆನ್ನು ನೋವು ಹೆಚ್ಚಾಗಿ ಅವನನ್ನು ವಾರ್ಡಿಗೆ ಸೇರಿಸಿದೆವು. ಆಸ್ಪತ್ರೆಯಲ್ಲಿ ನೋವನ್ನು ಒಂದರಿಂದ ಹತ್ತರವರೆಗೆ ಅಳೆಯುತ್ತಾರೆ. ಓದು ಬಾರದವರಿಗೆಂದು ಮುಖಗಳ ಒಂದು ಚಿತ್ರವಿರುತ್ತದೆ. ಮೊದಲನೆಯದು ನಗುಮುಖ, ಕೊನೆಯದು ಅಳುಮುಖ. ನರ್ಸ್ ಅದನ್ನು ಹಿಡಿದು, "ಇದರಾಗ ನೀವು ಯಾರು ಅಜ್ಜಾ?" ಎಂದು ಕೇಳಿದರೆ ಅಪ್ಪ ಪ್ರತಿ ಸಲವೂ ಮೊದಲನೆಯದನ್ನೇ ಮುಟ್ಟುತ್ತಿದ್ದ. "ಇವನು ಚೆಂದ ಅದಾನ." ಬೆನ್ನು ನೋವಿಗೆ ಮಗ್ಗಲು ಬದಲಿಸಲೂ ಆಗದೆ, ಹಣೆಯಲ್ಲಿ ಬೆವರು ಮೂಡಿರುವಾಗಲೂ "ಆರಾಮ ಅದೀನ್ರಿ". ಪಕ್ಕದಲ್ಲಿ ಅವ್ವ ಕೂತಿರುತ್ತಿದ್ದಳು. ಅವಳು ಅವನ ಮುಖವನ್ನೂ ನೋಡುತ್ತಿರಲಿಲ್ಲ, ಚಿತ್ರದ ಮುಖಗಳನ್ನೂ ನೋಡುತ್ತಿರಲಿಲ್ಲ.

ಡಾಕ್ಟರು ನನ್ನನ್ನು ಹೊರಗೆ ಕರೆದರು. "ನಿಮ್ಮ ತಂದೆಯವ್ರು ನಿಜ ಹೇಳ್ತಿಲ್ಲ ಮೇಡಂ. ಆರಾಮ ಅಂದ್ರೆ ನಾನು ಯಾವ ಔಷಧಿ ಬರೀಲಿ? ಆರಾಮಕ್ಕೆ ಔಷಧಿ ಇಲ್ಲ. ನೋವಿನಿಂದ್ಲೇ ನಿದ್ದೆ ಇಲ್ಲ, ಊಟ ಇಲ್ಲ, ಹಿಂಗೇ ಆದ್ರೆ ಮುಂದಿನ ಕೀಮೋ ಕೊಡೋಕಾಗಲ್ಲ. ಹೆಂಗಾದ್ರೂ ಮಾಡಿ ಎಷ್ಟು ಅಂತ ಕೇಳಿ ಹೇಳಿ" ಎಂದರು. ಅಂದರೆ ಎಲ್ಲವೂ ಒಂದು ಅಂಕಿಯ ಮೇಲೆ ನಿಂತಿತ್ತು. ಆ ಅಂಕಿ ಅಪ್ಪನ ಹೊಟ್ಟೆಯೊಳಗಿತ್ತು.

ನಾನು ಕೇಳಿದೆ. ಗದರಿದೆ. ಕಣ್ಣೀರನ್ನೂ ಹಾಕಿದೆ. ಅಪ್ಪ ಅವ್ವನ ಕಡೆ ಕಣ್ಣು ಹೊರಳಿಸಿ, ದನಿ ತಗ್ಗಿಸಿ, "ಬಾಯಿಲೆ ಹೇಳಿದ್ದು ಎಲ್ಲಾರಿಗೂ ಕೇಳ್ತತಿ ಯವ್ವಾ" ಎಂದ. ಆಗ ನನಗೆ ಹೊಳೆಯಿತು. ಅವನ ತಲೆದಿಂಬಿನ ಮೇಲೆ ಬಿದ್ದಿದ್ದ ಟವೆಲ್ ಎತ್ತಿ ಅವನ ಬಲಗೈ ಮೇಲೆ ಹಾಕಿ, ನನ್ನ ಕೈಯನ್ನು ಒಳಗೆ ತೂರಿಸಿದೆ. "ಹತ್ತಕ್ಕ ಎಷ್ಟು?"

ಅಪ್ಪನಿಗೆ ನಗು ಬಂದು, ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಐದು ನಿಮಿಷ ಹಿಡಿಯಿತು. ಕಣ್ಣೊರೆಸಿಕೊಂಡು ಕಿಟಕಿಯ ಕಡೆ ನೋಡುತ್ತ, ಸಂತೆಯಲ್ಲಿ ನಿಂತಷ್ಟೇ ಗಂಭೀರವಾಗಿ, ನನ್ನ ಎರಡು ಬೆರಳು ಹಿಡಿದ. ಎರಡು! ಎಂಟನೆಯ ವಯಸ್ಸಿನಿಂದ ಕಾದಿದ್ದ ಗುಟ್ಟು ಕೈಗೆ ಸಿಕ್ಕ ಖುಷಿಯಲ್ಲಿ ನಾನು ಓಡಿಹೋಗಿ ಡಾಕ್ಟರಿಗೆ ಹೇಳಿದೆ. ನನ್ನ ಉದ್ದ ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟೆ. ಎರಡಕ್ಕೆ ತಕ್ಕ ಸಣ್ಣ ಮಾತ್ರೆ ಬಂತು. ಮರುದಿನವೂ ಟವೆಲ್ ಹಾಕಿದೆ, ಎರಡು. ಅದರ ಮರುದಿನವೂ ಎರಡು.

ನಾಲ್ಕು ದಿನ ಹೀಗೇ ಕಳೆಯಿತು. ಅಪ್ಪನ ಗಲ್ಲ ಒಳಕ್ಕೆ ಹೋಯಿತು. ಗಂಜಿಯನ್ನು ಎರಡು ಚಮಚಕ್ಕೆ ಸಾಕೆಂದ. ಐದನೆಯ ದಿನ ಬೆಳಿಗ್ಗೆ ಅವನನ್ನು ಕೂರಿಸಲು ಹೋದಾಗ ಹಲ್ಲು ಕಚ್ಚಿದ ಸದ್ದು ನನಗೆ ಕೇಳಿಸಿತು. ಟವೆಲ್ ಹಾಕಿದೆ. ಮತ್ತೆ ಎರಡು ಬೆರಳು. ನನಗೆ ರೇಗಿಹೋಯಿತು. ಯೋಚನೆಯನ್ನೂ ಮಾಡದೆ ಅವನ ಇಡೀ ಕೈಯನ್ನು ಹಿಡಿದು ಒತ್ತಿ, ಬಿಟ್ಟು, ಮತ್ತೆ ಎರಡು ಬೆರಳು ಒತ್ತಿದೆ. ಏಳು. ಸುಳ್ಳು ಹೇಳಬೇಡ, ಏಳಿದೆ ನಿನಗೆ, ಎಂದು ನನ್ನ ಅರ್ಥ.

ಅಪ್ಪ ತಿರುಗಿ ನನ್ನ ಮುಖ ನೋಡಿದ. ಆ ನಾಲ್ಕು ದಿನದಲ್ಲಿ ಅವನ ಕಣ್ಣು ಅಷ್ಟು ಬೆಳಗಿರಲಿಲ್ಲ. "ಈಗ ಇಳಿದಿ ನೋಡು ಯಾಪಾರಕ್ಕ" ಎಂದ. ನಾಲ್ಕು ಬೆರಳು ಹಿಡಿದ. ನಾನು ಮತ್ತೆ ಏಳು. ಅವನು ಇಡೀ ಕೈ ಹಿಡಿದು ಬಿಟ್ಟು, ಸೊಟ್ಟ ಬೆರಳನ್ನು ನನ್ನ ಒಂದು ಬೆರಳಿಗೆ ಸುತ್ತಿದ. ಆರು. ಅಲ್ಲಿಗೆ ಕೈ ಹೊರಗೆ ತೆಗೆದ. ವ್ಯಾಪಾರ ಮುಗಿಯಿತು ಎಂಬುದಕ್ಕೆ ಅದೇ ಗುರುತಂತೆ.

"ಮತ್ತ ನಾಕು ದಿನದಿಂದ ಎರಡು ಅಂತಿದ್ದೀಯಲ್ಲಪ್ಪಾ!"

"ಮೊದಲನೇ ಹಿಡಿತಕ್ಕ ಯಾರರ ಖರೇ ಹೇಳ್ತಾರೇನಲೇ? ಮಂದಿ ನಗ್ತಾರ. ನಾನು ಎರಡಂದ್ರ ನೀನು ಹತ್ತನ್ನಬೇಕು. ನಾನು ಏರಬೇಕು, ನೀನು ಇಳೀಬೇಕು. ನೀನು ನೋಡಿದ್ರ ಎರಡು ಅನ್ನೋದ ತಡ, ಕೈ ಬಿಟ್ಟು ಓಡಿ ಹೋಗ್ತಿ. ಇಂಥ ಗಿರಾಕಿನ ನಾನು ಕಂಡಿಲ್ಲ."

"ಹೇಳಬಾರದಾ ಹಂಗಂತ?"

"ನಾನು ಹೆಂಗ ಹೇಳ್ಲಿ? ಎದುರಿಗಿನವರಿಗೆ 'ಏರ್ಸು' ಅಂತ ಯಾರರ ಹೇಳಿಕೊಡ್ತಾರೇನು?"

ಅವನು ಇದನ್ನು ಹಟಕ್ಕೆ ಹೇಳಿದ್ದಲ್ಲ. ನಲವತ್ತಕ್ಕೂ ಹೆಚ್ಚು ವರ್ಷ ಹಾಗೇ ಬದುಕಿದವನಿಗೆ ಬೇರೆ ಥರ ಹೇಳಲು ಬರುತ್ತಲೇ ಇರಲಿಲ್ಲ. ನಾನು ತಿರುಗಿ ಒತ್ತಲಿಲ್ಲವೆಂದು ನನ್ನ ಅಪ್ಪ ನಾಲ್ಕು ದಿನ ಆರರಷ್ಟು ನೋವನ್ನು ಎರಡರ ಮಾತ್ರೆಯಲ್ಲಿ ಕಳೆದಿದ್ದ. ಆ ನಾಲ್ಕು ದಿನಗಳನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಡಾಕ್ಟರು ಎಲ್ಲ ಕೇಳಿ, ನಗಬೇಕೋ ಬೇಡವೋ ತಿಳಿಯದೆ, ಮಾರ್ಫಿನ್ ಬರೆದರು. ಮರುದಿನ ಮಧ್ಯಾಹ್ನ ಅಪ್ಪ ಮೆತ್ತಗಿನ ಅನ್ನ ತಿಂದು, ಗೊರಕೆ ಹೊಡೆದ. ಆ ಗೊರಕೆಯನ್ನು ಅವ್ವ ಮಂಚದ ಪಕ್ಕ ಕೂತು ಪೂರ್ತಿ ಕೇಳಿದಳು.

ಅಲ್ಲಿಂದ ಮುಂದೆ, ವಾರ್ಡಿನಲ್ಲಾಗಲಿ ಮನೆಯಲ್ಲಾಗಲಿ, ನಮ್ಮದು ದಿನಾ ಬೆಳಿಗ್ಗೆ ಎಂಟಕ್ಕೆ ವ್ಯಾಪಾರ. ನಾನು ಟವೆಲ್ ಹಾಕಿದ ತಕ್ಷಣ ಅವ್ವ ಎದ್ದು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಲ್ಲುತ್ತಿದ್ದಳು. ಗಂಡಸರ ಸಂತೆಯ ಆಟ ಅವಳಿಗೆ ಬೇಡವಾಗಿರಬೇಕು ಎಂದುಕೊಂಡಿದ್ದೆ. ಮೂರು ಹಿಡಿತದಲ್ಲಿ ನಿಜ ಹೊರಬರುತ್ತಿತ್ತು. ಮಾರ್ಫಿನ್ನಿನಿಂದ ಹೊಟ್ಟೆ ಕಟ್ಟಿಕೊಂಡಾಗ ಮಗಳ ಮುಂದೆ ಹೇಳಲು ನಾಚಿಕೆ, ಅದಕ್ಕೂ ಟವೆಲ್ಲೇ. ಎಷ್ಟು ದಿನವಾಯಿತು ಎಂದರೆ ಮೊದಲು ಒಂದು ಎನ್ನುತ್ತಿದ್ದ. ನಾನು ಐದು ಎನ್ನುತ್ತಿದ್ದೆ. ಮೂರಕ್ಕೆ ಬಂದು ನಿಲ್ಲುತ್ತಿದ್ದೆವು. ಆಮೇಲೆ ಅದಕ್ಕೊಂದು ಔಷಧ. ವಾಂತಿ, ಸುಸ್ತು, ಎಲ್ಲವೂ ಹೀಗೇ ಚೌಕಾಸಿ ಮಾಡಿ ಕೊಂಡದ್ದು.

ಮೂರನೇ ಡ್ರಿಪ್ಪಿನ ಮೇಲೆ ಒಂದು ವಿಚಿತ್ರ ನಡೆಯಿತು. ಅಪ್ಪ ಮೂರು ಎಂದ. ನಾನು ನಾಲ್ಕು ಬೆರಳು ಹಿಡಿದು ಜೋರಾಗಿ ಒತ್ತಿದೆ. ಅವನು ತಲೆಯಾಡಿಸಿ, "ಎರಡಕ್ಕ ಇಳಿಸ್ತಿ? ಇರಲಿ, ಎರಡ ಅಂದುಕೋ" ಎಂದ. ನಾನು ಇಳಿಸಿರಲೇ ಇಲ್ಲ. ಮತ್ತೆ ಇಡೀ ಕೈ ಒತ್ತಿದೆ. ಅವನು ಸುಮ್ಮನೆ ಕಾಯುತ್ತಿದ್ದ. ನಾನು ಒತ್ತಿಯೇ ಇಲ್ಲವೆಂದುಕೊಂಡು ಕಾಯುತ್ತಿದ್ದ. ಆಗ ಒಂದೊಂದಾಗಿ ನೆನಪಾಯಿತು: ಎರಡು ದಿನದಿಂದ ಅಂಗಿಯ ಗುಂಡಿಯನ್ನು ಅವ್ವನೇ ಹಾಕುತ್ತಿದ್ದಳು, ಹಿಂದಿನ ಸಂಜೆ ಚಹಾದ ಲೋಟ ಕೈಜಾರಿತ್ತು, ಚಪ್ಪಲಿಯಲ್ಲಿ ಕಾಲು ತೂರಿಸಲು ಅವನು ಕಣ್ಣಿನಿಂದ ನೋಡಿಕೊಳ್ಳುತ್ತಿದ್ದ. ಔಷಧ ಅವನ ಬೆರಳ ತುದಿಯ ನರಗಳನ್ನು ಮೇಯತೊಡಗಿತ್ತು. ದನದ ಮೈ ಸವರಿ ಜ್ವರ ಹೇಳುತ್ತಿದ್ದ ಬೆರಳುಗಳು. ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ.

ನಾನು ಡಾಕ್ಟರಿಗೆ ಹೇಳಿದೆ. ಅವರು ಆ ಔಷಧವನ್ನು ಕಡಿಮೆ ಮಾಡಿದರು. ತಡ ಮಾಡಿದ್ದರೆ ನಡೆಯುವುದೂ ಕಷ್ಟವಾಗುತ್ತಿತ್ತು ಎಂದರು. ಅಪ್ಪ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟ. "ಟವಲ್ ಕೆಳಗಿಂದನ್ನ ಬಯಲಿಗೆ ಇಟ್ಟಿ" ಎಂಬುದು ಅವನ ದೂರು. ಮೂರನೆಯ ದಿನ ತಾನೇ ಕೈ ಚಾಚಿ, ಮೊಣಕೈಯ ಒಳಭಾಗ ತೋರಿಸಿ, "ಇಲ್ಲಿ ಒತ್ತು. ಇಲ್ಲಿ ಇನ್ನಾ ಗೊತ್ತಾಗ್ತತಿ" ಎಂದ. ಅವನು ನನ್ನ ಬೆರಳು ಹಿಡಿಯುವುದು, ನಾನು ಎಷ್ಟು ಅಂಕಿಯೋ ಅಷ್ಟು ಸಲ ಅವನ ಮೊಣಕೈ ಒತ್ತುವುದು. ಟವೆಲ್ಲಿನ ಉದ್ದ ಸ್ವಲ್ಪ ಸಾಲದಾಯಿತು, ಅಷ್ಟೇ.

ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿತ್ತು. ಅಪ್ಪ ಕೇಳಿದ್ದು ಒಂದೇ: ಕುರುಗೋಡಿನ ಸಂತೆ. ಒಂದು ಬೆಳಿಗ್ಗೆ ಕಾರಿನಲ್ಲಿ ಕರೆದುಕೊಂಡು ಹೋದೆ. ಮುಖಕ್ಕೆ ಮಾಸ್ಕ್, ತಲೆಗೆ ರುಮಾಲು, ಮೀಸೆ ಇಲ್ಲದ ಮುಖ. ಆದರೂ ಜನ ಗುರುತು ಹಿಡಿದರು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿ ಕೂರಿಸಿದರು. ಒಬ್ಬರು ಎತ್ತು ತಂದು ಎದುರು ನಿಲ್ಲಿಸಿದರು. ಅಪ್ಪ ಕೈ ಮುಂದೆ ಮಾಡಿ, ಹಾಗೇ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ನನ್ನನ್ನು ನೋಡಿದ.

"ಯವ್ವಾ, ಅದರ ಗಂಗೆದೊಗಲು ಹಿಡದು ನೋಡು. ಮೆತ್ತಗೈತೋ ಬಿರುಸೈತೋ?"

ಗಂಗೆದೊಗಲು ಎಂದರೆ ಎತ್ತಿನ ಕೊರಳ ಕೆಳಗೆ ಜೋಲುವ ಚರ್ಮ. ನಾನು ಹಿಡಿದೆ. ಬೆಚ್ಚಗಿತ್ತು, ಹಳೆಯ ರೇಷ್ಮೆಯ ಹಾಗೆ ಸರಿಯುತ್ತಿತ್ತು. "ಮೆತ್ತಗೈತಪ್ಪಾ." "ಬಾಲದ ಬುಡ ಒತ್ತು. ಎಲುಬು ಕೈಗೆ ಹತ್ತತೇನು?" ಹತ್ತಲಿಲ್ಲ. "ಕಿವಿ ಹಿಂದ ಹೆಂಗೈತಿ, ಬಿಸಿನೋ ತಂಪೋ?" ನಾನು ಹೇಳುತ್ತ ಹೋದೆ, ಅವನು ಕಣ್ಣು ಮುಚ್ಚಿ ಕೇಳುತ್ತ ಹೋದ. ಇಷ್ಟು ವರ್ಷ ಪಾಠ ಮಾಡಿದವಳು ಒಂದು ಪ್ರಾಣಿಯನ್ನು ಹೀಗೆ ಮುಟ್ಟಿ ಓದಿರಲಿಲ್ಲ. ಒಳ್ಳೆಯ ಎತ್ತು ಎಂದು ತೀರ್ಪಾಯಿತು. ಇನ್ನು ಬೆಲೆ. ಮಾರುವವರು ಆಂಧ್ರದ ಕಡೆಯಿಂದ ಬಂದಿದ್ದ ಹಿರಿಯರು, ಕೊಳ್ಳುವವರು ಸಿರುಗುಪ್ಪದ ಕಡೆಯವರು. ಇಬ್ಬರೂ ಅಪ್ಪನೇ ನಡುವೆ ನಿಲ್ಲಬೇಕೆಂದರು.

"ನನ್ನ ಕೈ ಸತ್ತಾವ. ನನ್ನ ಮಗಳ ಕೈ ಹಿಡೀರಿ" ಎಂದ ಅಪ್ಪ.

ಸುತ್ತಲಿನವರು ಮುಖ ಮುಖ ನೋಡಿಕೊಂಡರು. ದನದ ಸಂತೆಯಲ್ಲಿ, ಟವೆಲ್ಲಿನ ಕೆಳಗೆ, ಹೆಣ್ಣುಮಗಳ ಕೈ! ನನ್ನ ಶಾಲೆಯ ಮಕ್ಕಳ ತಂದೆಯರೂ ಅಲ್ಲಿದ್ದರು. ಕೊನೆಗೆ ಆ ಹಿರಿಯರೇ ನಕ್ಕು, "ಚೆಯ್ಯಿ ಇವ್ವಮ್ಮಾ" ಎಂದು ತೆಲುಗಿನಲ್ಲಿ ಕೈ ಕೇಳಿದರು. ಅಪ್ಪ ತನ್ನ ಹೆಗಲ ಟವೆಲ್ಲನ್ನು ತಾನೇ ನಮ್ಮ ಕೈಗಳ ಮೇಲೆ ಹಾಕಿದ. ನಾನು ಅವರಿಂದ ಇವರಿಗೆ, ಇವರಿಂದ ಅವರಿಗೆ ನಾಲ್ಕು ಸಲ ಓಡಾಡಿದೆ. ಎತ್ತು ಎಷ್ಟಕ್ಕೆ ಹೋಯಿತೆಂದು ಇಲ್ಲಿ ಬರೆಯುವ ಹಾಗಿಲ್ಲ. ಕಾರಿನಲ್ಲಿ ವಾಪಸ್ ಬರುವಾಗ ಅಪ್ಪ, "ಮೊದಲನೇ ಹಿಡಿತಕ್ಕ ನಿನ್ನ ಮುಖದಾಗ ಎಲ್ಲಾ ಕಾಣ್ತತಿ. ಅದೊಂದು ತಿದ್ದಿಕೋ" ಎಂದ. ಅವನ ಬಾಯಲ್ಲಿ ನಾನು ಕೇಳಿದ ದೊಡ್ಡ ಹೊಗಳಿಕೆ ಅದೇ.

ಕಟ್ಟಿ ಹಾಕಿದ್ದು ಐದು ತಿಂಗಳು ನಿಂತಿತು. ಆಮೇಲೆ ಹಗ್ಗ ಕಿತ್ತುಕೊಂಡಿತು. ಇನ್ನು ಕೀಮೋದಿಂದ ಉಪಯೋಗಕ್ಕಿಂತ ಹಿಂಸೆಯೇ ಹೆಚ್ಚು, ನೋವಾಗದಂತೆ ನೋಡಿಕೊಳ್ಳೋಣ ಎಂದು ಡಾಕ್ಟರು ಹೇಳಿದಾಗ ಅಪ್ಪ ಅವರಿಗೆ ಕೈ ಮುಗಿದ. ಮನೆಯಲ್ಲೇ ಆಕ್ಸಿಜನ್ ಯಂತ್ರ ಬಂತು. ಅದು ಗಾಳಿಯಿಂದ ಆಮ್ಲಜನಕ ಹೇಗೆ ಆರಿಸಿ ತೆಗೆಯುತ್ತದೆ ಎಂದು ಕೇಳಿದ. ವಿವರಿಸಿದೆ. "ಜರಡಿ ಹಿಡದಂಗ" ಎಂದು ತೃಪ್ತಿಪಟ್ಟ. ದಿನ ಕಳೆದಂತೆ ಮಾತು ಕಡಿಮೆಯಾಯಿತು, ವ್ಯಾಪಾರ ಮಾತ್ರ ನಿಲ್ಲಲಿಲ್ಲ. ನಾಲ್ಕು ಎನ್ನುತ್ತಿದ್ದ, ಆರಕ್ಕೆ ನಿಲ್ಲುತ್ತಿದ್ದ. ನಾನು ಅದರಂತೆ ಔಷಧ ಕೊಡುತ್ತಿದ್ದೆ.

ಒಂದು ಬೆಳಿಗ್ಗೆ ಟವೆಲ್ ಹಾಕಿದಾಗ ಅವನು ತಡವಾಗಿ, ಆದರೆ ಸ್ಪಷ್ಟವಾಗಿ, ನನ್ನ ಇಡೀ ಕೈ ಹಿಡಿದ. ಬಿಟ್ಟ. ಮತ್ತೆ ಮೂರು ಬೆರಳು. ಎಂಟು. ನಾನು ರೂಢಿಯಂತೆ ಮೊಣಕೈ ಒತ್ತಿ ಹತ್ತು ಎಂದೆ. ಅವನು ತಲೆಯಾಡಿಸಿದ. ಮತ್ತೆ ಒತ್ತಿದೆ. ಅವನು ಕೈಯನ್ನು ಟವೆಲ್ಲಿನಿಂದ ಹೊರಗೆ ತೆಗೆದು ಎದೆಯ ಮೇಲಿಟ್ಟುಕೊಂಡ. ಅಪ್ಪ ಮೊದಲನೇ ಹಿಡಿತಕ್ಕೇ ನಿಜ ಹೇಳಿದ್ದ. ಇನ್ನು ಚೌಕಾಸಿ ಮಾಡುವ ಮನಸ್ಸಿಲ್ಲ ಎಂದು ನನಗೆ ಅರ್ಥವಾಗಿ, ಅಡುಗೆಮನೆಗೆ ಹೋಗಿ ಅತ್ತೆ. ಡಾಕ್ಟರಿಗೆ ಫೋನ್ ಮಾಡಿ ಎಂಟು ಎಂದೆ. ಔಷಧ ಹೆಚ್ಚಿಸಿದರು. ಎರಡು ದಿನ ನೋವಿಲ್ಲದೆ ಮಲಗಿದ್ದ. ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಅವ್ವ ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸುತ್ತಿದ್ದಾಗ, ಉಸಿರು ನಿಂತಿತು.

ತಿಂಗಳು ಕಳೆದಿರಬೇಕು. ಅವ್ವ ನಮ್ಮ ಮನೆಯಲ್ಲೇ ಇದ್ದಳು. ಒಂದು ಮಧ್ಯಾಹ್ನ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು; ಕಲ್ಲಿಲ್ಲದ ಅಕ್ಕಿಯನ್ನು ಮೂರನೇ ಸಲ ಆರಿಸುತ್ತಿದ್ದಳು. "ಹೆಂಗದೀಯವ್ವಾ?" ಎಂದು ಕೇಳಿದೆ.

"ನನಗೇನಾಗೇತಿ? ಆರಾಮ ಅದೀನಿ."

ಅದೇ ಮಾತು, ಅದೇ ದನಿ. ನಾನು ಗೂಟದ ಮೇಲಿದ್ದ ಅಪ್ಪನ ಟವೆಲ್ ತಂದು ಅವಳೆದುರು ಕೂತೆ. ಹೇಗೆಂದು ಹೇಳಿಕೊಡಬೇಕೆಂದು ಬಾಯಿ ತೆಗೆಯುವಷ್ಟರಲ್ಲಿ ಅವಳು ಮೊರ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಬಲಗೈ ಮುಂದೆ ಮಾಡಿದಳು.

"ನಿನಗ ಇದು ಬರ್ತತೇನವ್ವಾ?"

"ಮದುವಿ ಆದ ಹೊಸದಾಗ ಮನಿ ತುಂಬ ಮಂದಿ. ಅತ್ತಿ, ಮಾವ, ನಾದಿನೇರು. ನಿಮ್ಮಪ್ಪ ಎಲ್ಲಾರ ಮುಂದ ನನ್ನ ಕೂಡ ಹೆಂಗ ಮಾತಾಡ್ಬೇಕು? ಸಂತಿಗೆ ಹೋದ್ರ ಎಷ್ಟು ದಿನಕ್ಕ ಬರ್ತಾನ ಅಂತ ಟವಲ್ ಕೊಡೋ ನೆವದಾಗ ಹೇಳಿ ಹೋಗ್ತಿದ್ದ."

"ಅಂದ್ರ ಆಸ್ಪತ್ರಿಯಾಗ ನಾವು..."

"ಎಲ್ಲಾ ಗೊತ್ತಿತ್ತು. ಮ್ಯಾಲಿಂದ ನೋಡಿದ್ರೂ ಟವಲ್ ಅಲ್ಲಾಡೋದು ಕಾಣ್ತತಿ. ಅದಕ್ಕ ಕಿಟಕಿ ಕಡಿ ಹೋಗಿ ನಿಲ್ತಿದ್ದೆ. ನೋವು ಎಷ್ಟೈತಿ ಅಂತ ನನಗ ಗೊತ್ತಿಲ್ಲ ಅಂತ ತಿಳಕೊಂಡ್ರ ಅವನಿಗೆ ಸಮಾಧಾನ. ಇರಲಿ ಅಂತ ಬಿಟ್ಟೆ."

ನಾನು ಟವೆಲ್ಲನ್ನು ನಮ್ಮಿಬ್ಬರ ಕೈಗಳ ಮೇಲೆ ಹಾಕಿದೆ. ಅದರಲ್ಲಿ ಇನ್ನೂ ಅಪ್ಪನ ವಾಸನೆಯಿತ್ತು. ಅವ್ವ ಬಾಗಿಲ ಕಡೆ ಮುಖ ತಿರುಗಿಸಿ, ಬೀದಿಯಲ್ಲಿ ಹೋಗುವವರನ್ನು ನೋಡುತ್ತ, ನನ್ನ ಎರಡು ಬೆರಳು ಹಿಡಿದಳು.

ನಾನು ಅವಳ ಇಡೀ ಕೈಯನ್ನು ಹಿಡಿದು ಒತ್ತಿದೆ. ಬಿಟ್ಟು, ಮತ್ತೆ ಇಡೀ ಕೈಯನ್ನೇ ಒತ್ತಿದೆ.